ಹೆಸರು ಹಿಡಿದು ಕೇಳುವುದು

— ದೊಡ್ಡಮ್ಮ, ನಿನ್ನೆ ರಾತ್ರಿ ಒಳಗಿನ ಕೋಣೆಯಲ್ಲಿ ಅಷ್ಟು ನಗ್ತಾ ಇದ್ದದ್ದು ಯಾಕೆ? ಪ್ರಾರ್ಥನೆಗೆ ಕೂತುಕೊಳ್ತೇನೆ ಅಂತ ಹೇಳಿ ಬಾಗಿಲು ಹಾಕಿಕೊಂಡಿದ್ದಿರಿ.

— ಪ್ರಾರ್ಥನೆಗೇ ಕೂತದ್ದು ಮಾರಾಯ್ತಿ. ನಮ್ಮ ಫೋನಿನ ಪ್ರಾರ್ಥನಾ ಕೂಟದ ಕುವೈತಿನವಳು ಅಡುಗೆ ಮನೆಯಲ್ಲಿ ಫೋನ್ ಇಟ್ಟುಕೊಂಡಿದ್ದಳು, ಮ್ಯೂಟ್ ಮಾಡಲು ಮರೆತಿದ್ದಳು. ಹುಬ್ಬಳ್ಳಿಯವಳ ಪ್ರಾರ್ಥನೆ ಸ್ವಲ್ಪ ಉದ್ದ, ನಿನಗೆ ಗೊತ್ತುಂಟಲ್ಲ. ಅವಳು ಒಂದು ಕಡೆ ಉಸಿರು ತೆಗೆದುಕೊಳ್ಳಲು ನಿಂತದ್ದೇ ತಡ, ಕುವೈತಿನ ಕುಕ್ಕರ್ ಸೀಟಿ ಹೊಡೆಯಿತು. ಉಡುಪಿಯವಳು ಜೋರಾಗಿ "ಆಮೆನ್" ಅಂದುಬಿಟ್ಟಳು. ಮತ್ತೆ ಯಾರಿಗೂ ತಡೆಯಲಿಕ್ಕೆ ಆಗಲಿಲ್ಲ. ಪ್ರಾರ್ಥನೆ ಮಾಡ್ತಿದ್ದವಳೇ ಎಲ್ಲರಿಗಿಂತ ಹೆಚ್ಚು ನಕ್ಕಳು.

— ಆಮೇಲೆ?

— ಆಮೇಲೆ ಎಂಥದು? ನಿಲ್ಲಿಸಿದ ಕಡೆಯಿಂದ ಮುಂದುವರಿಸಿದಳು. ಅವಳ ಅಳಿಯನಿಗೆ ಡಯಾಲಿಸಿಸ್ ಶುರುವಾಗಿದೆ. ಅದಕ್ಕಾಗಿ ಕೇಳುತ್ತಿದ್ದಳು.

— ಅದೇ ನನಗೆ ಅರ್ಥವಾಗದ್ದು. ಒಂದು ಕಡೆ ಡಯಾಲಿಸಿಸ್, ಇನ್ನೊಂದು ಕಡೆ ಕುಕ್ಕರ್ ಸೀಟಿಗೆ ನಗು. ದೇವಾಲಯದಲ್ಲಿ ನಾವು ಹಾಗೆ ನಕ್ಕರೆ ಅಮ್ಮ ತೊಡೆಗೆ ಚಿವುಟುತ್ತಿದ್ದರು.

— ನಿನ್ನ ಅಮ್ಮ ಚಿವುಟಿದ್ದು ಸರಿಯೇ. ನೀವು ನಗುತ್ತಿದ್ದದ್ದು ಪ್ರಸಂಗ ಕೇಳದೆ ಇದ್ದದ್ದಕ್ಕೆ. ನಾವು ನಕ್ಕದ್ದು ಕಿವಿಗೊಟ್ಟು ಕೇಳ್ತಾ ಇದ್ದದ್ದರಿಂದ. ಅಪೊಸ್ತಲರ ಕೃತ್ಯಗಳ ಹನ್ನೆರಡನೇ ಅಧ್ಯಾಯ ಓದಿದ್ದೀಯಲ್ಲ?

— ಪೇತ್ರನನ್ನು ಸೆರೆಮನೆಗೆ ಹಾಕಿದ್ದು. ದೇವದೂತ ಬಂದು ಬಿಡಿಸಿದ್ದು.

— ಎಲ್ಲರೂ ಅಲ್ಲಿಗೇ ನಿಲ್ಲಿಸ್ತಾರೆ. ಸಂಡೇ ಸ್ಕೂಲಿನಲ್ಲಿ ಚಿತ್ರವೂ ಅದೇ: ಸರಪಳಿ, ಬೆಳಕು, ದೂತ. ಮುಂದೆ ನೋಡು. ಹೆರೋದ ಅಗ್ರಿಪ್ಪ ಆಗಲೇ ಜೆಬೆದಾಯನ ಮಗ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿಯಾಗಿದೆ. ಪಸ್ಕಹಬ್ಬ ಮುಗಿದ ಮೇಲೆ ಪೇತ್ರನ ಸರದಿ. ಕಾವಲಿಗೆ ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡ. ಸಭೆಯವರು ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಸೇರಿ ರಾತ್ರಿಯೆಲ್ಲ ಪ್ರಾರ್ಥನೆ ಮಾಡ್ತಾ ಇದ್ದಾರೆ. ಎಂಥ ಹೆದರಿಕೆಯ ರಾತ್ರಿ ಅದು, ಯೋಚನೆ ಮಾಡು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ರೋದೆ ಅನ್ನುವ ಕೆಲಸದ ಹುಡುಗಿ ಹೋಗ್ತಾಳೆ. ಪೇತ್ರನ ಸ್ವರ ಗುರುತು ಸಿಕ್ಕಿ ಎಷ್ಟು ಖುಷಿಯಾಗ್ತದೆಂದರೆ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡ್ತಾಳೆ. ಪೇತ್ರ ಬಂದಿದ್ದಾನೆ ಅಂತ ಹೇಳ್ತಾಳೆ. ಒಳಗಿನವರು ಏನಂತಾರೆ? ನಿನಗೆ ಹುಚ್ಚು ಅಂತಾರೆ! ಅವಳು ಬಿಡದೆ ಹೇಳಿದರೆ ಅದು ಅವನ ದೂತ ಇರಬೇಕು ಅಂತಾರೆ. ಯಾರ ಬಿಡುಗಡೆಗೆ ಮೊಣಕಾಲೂರಿದ್ದಾರೋ ಅವನು ಬೀದಿಯಲ್ಲಿ ನಿಂತು ಬಾಗಿಲು ಬಡಿಯುತ್ತಲೇ ಇದ್ದಾನೆ. ಸೆರೆಮನೆಯ ಕಬ್ಬಿಣದ ಬಾಗಿಲು ತಾನಾಗಿ ತೆರೆಯಿತು, ಗೆಳೆಯರ ಮನೆಯ ಬಾಗಿಲು ತೆರೆಯಲಿಲ್ಲ.

— ಇದನ್ನು ಇಷ್ಟು ಸಲ ಓದಿದರೂ ನಗಬಹುದು ಅಂತ ಹೊಳೆದಿರಲಿಲ್ಲ.

— ಇದನ್ನು ಬರೆದ ಲೂಕ ಅದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಆ ಮನೆಯವರೇ ಆಮೇಲೆ ಎಷ್ಟೋ ವರ್ಷ ನೆನೆಸಿ ನೆನೆಸಿ ನಕ್ಕಿರಬೇಕು, ಇಲ್ಲದಿದ್ದರೆ ಕೆಲಸದ ಹುಡುಗಿಯ ಹೆಸರು ಸಮೇತ ಈ ಕಥೆ ಅವನವರೆಗೆ ಬರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಯಾಕೋಬ ಸತ್ತ ದುಃಖವೂ ಅದೇ ಅಧ್ಯಾಯದಲ್ಲಿ ಉಂಟು. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

— ನೀವು ಹೇಳಿದ ಮೇಲೆ ಲೂಥರನ ಕಾಗದಗಳು ನೆನಪಾದವು. ನಮಗೆ ಇತಿಹಾಸದ ಪೇಪರಿನಲ್ಲಿ ಅವನ ವಾದಗಳಷ್ಟೇ ಇದ್ದವು, ಕಾಗದಗಳನ್ನು ನಾನೇ ಹುಡುಕಿ ಓದಿದ್ದು. 1546ರ ಫೆಬ್ರವರಿಯಲ್ಲಿ ಮಾನ್ಸ್‌ಫೆಲ್ಡ್‌ನ ಪಾಳೆಯಗಾರರ ಜಗಳ ಬಿಡಿಸಲು ಅವನು ಐಸ್ಲೆಬೆನ್‌ಗೆ ಹೋಗಿರ್ತಾನೆ. ಮೈಯಲ್ಲಿ ಹುಷಾರಿಲ್ಲ. ಹೆಂಡತಿ ಕ್ಯಾಥರೀನಾಗೆ ವಿಟ್ಟೆನ್‌ಬರ್ಗ್‌ನಲ್ಲಿ ನಿದ್ದೆ ಇಲ್ಲ. ಅವನು ಬರೀತಾನೆ: ನೀನು ನಮ್ಮ ಚಿಂತೆ ಮಾಡಲು ಶುರುಮಾಡಿದ ಮೇಲೆ ನಮ್ಮ ಕೋಣೆಯ ಬಾಗಿಲ ಹೊರಗೇ ಬೆಂಕಿ ಹತ್ತಿಕೊಂಡಿತು, ನಿನ್ನೆ ಒಂದು ದೊಡ್ಡ ಕಲ್ಲು ತಲೆಯ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು, ನೀನು ಚಿಂತೆ ನಿಲ್ಲಿಸದಿದ್ದರೆ ಭೂಮಿಯೇ ನಮ್ಮನ್ನು ನುಂಗೀತು ಅಂತ. ಹಾಗೆ ತಮಾಷೆ ಮಾಡಿಯೇ, ನೀನು ಪ್ರಾರ್ಥನೆ ಮಾಡು, ಚಿಂತೆಯನ್ನು ದೇವರಿಗೆ ಬಿಡು ಅಂತಾನೆ. ಅದಾಗಿ ಎಂಟು ದಿನಕ್ಕೆ, 18ರಂದು, ಅಲ್ಲೇ ತೀರಿಕೊಂಡ.

— ಅಯ್ಯೋ. ಆ ಕಾಗದ ಅವಳು ಆಮೇಲೆ ಎಷ್ಟು ಸಲ ಓದಿದಳೋ. ನೋಡು, ಹೆಂಡತಿ ಯಾವುದಕ್ಕೆ ಹೆದರ್ತಾಳೆ, ಎಷ್ಟು ಹೆದರ್ತಾಳೆ ಅಂತ ಗೊತ್ತಿದ್ದವನಿಗೆ ಮಾತ್ರ ಹಾಗೆ ಬರೆಯಲಿಕ್ಕೆ ಬರುವುದು. ಪರಿಚಯ ಇಲ್ಲದವರು ಅದೇ ಮಾತು ಬರೆದರೆ ಕ್ರೂರ ಆಗ್ತದೆ. ನಮ್ಮ ಕೂಟದಲ್ಲಿಯೂ ಅಷ್ಟೇ. ಯಾರ ನೋವೋ ಅವರು ಮೊದಲು ನಗಬೇಕು, ನಂತರ ನಾವು. ಉಡುಪಿಯವಳಿಗೆ ಮೊಣಕಾಲಿನ ಆಪರೇಶನ್ ಆದಾಗ ನಾವೆಲ್ಲ ಗಂಭೀರವಾಗಿ ಇದ್ದೆವು. ಅವಳೇ ಶುರುಮಾಡಿದಳು. "ಕರ್ತನೇ, ಇನ್ನು ನಿನ್ನ ಮುಂದೆ ಮೊಣಕಾಲೂರಲು ಡಾಕ್ಟರು ಬಿಡುವುದಿಲ್ಲ, ನಿಂತೇ ಕೇಳ್ತೇನೆ, ಹೆಚ್ಚು ಹೊತ್ತು ನಿಲ್ಲಿಸಬೇಡ" ಅಂತ. ಆಮೇಲೆ ವಾರವಿಡೀ ಅದೇ ಮಾತು.

— ನಿಮ್ಮ ಕೂಟ ಶುರುವಾದದ್ದು ಹೇಗೆ?

— ಉಡುಪಿಯ ಮಿಶನ್ ಆಸ್ಪತ್ರೆಯಲ್ಲಿ ಒಟ್ಟಿಗೆ ಡ್ಯೂಟಿ ಮಾಡಿದವರು ನಾವು. 1923ರಲ್ಲಿ ಸ್ವಿಸ್ ಡಾಕ್ಟರಮ್ಮ ಈವಾ ಲೊಂಬಾರ್ಡ್ ಶುರುಮಾಡಿದ ಆಸ್ಪತ್ರೆ ಅದು. ನೈಟ್ ಡ್ಯೂಟಿ ಮುಗಿಸಿ ಒಂದೇ ಫ್ಲಾಸ್ಕಿನ ಚಾ ಹಂಚಿಕೊಂಡು ಕುಡಿದವರು. ಒಬ್ಬಳು ಕುವೈತಿಗೆ ಹೋದಳು, ಒಬ್ಬಳು ಇಂಗ್ಲೆಂಡಿಗೆ, ಒಬ್ಬಳು ಮದುವೆಯಾಗಿ ಹುಬ್ಬಳ್ಳಿಗೆ. ಮೊದಲು ಕ್ರಿಸ್ಮಸ್ ಕಾರ್ಡು, ಆಮೇಲೆ ಅದೂ ಇಲ್ಲ. ಫೋನಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಲಿಕ್ಕೆ ಆಗ್ತದೆ ಅಂತಾದ ಮೇಲೆ ಪುನಃ ಸೇರಿದೆವು. ನಮ್ಮ ರಾತ್ರಿ ಎಂಟೂವರೆ ಅಂದರೆ ಕುವೈತಿನಲ್ಲಿ ಸಂಜೆ ಆರು, ಇಂಗ್ಲೆಂಡಿನಲ್ಲಿ ಮಧ್ಯಾಹ್ನ. ಇಂಗ್ಲೆಂಡಿನವಳು ಡ್ಯೂಟಿಯಲ್ಲಿದ್ದರೆ ಸ್ಟಾಫ್ ರೂಮಿನಿಂದ ಹತ್ತು ನಿಮಿಷ ಬಂದು ತನ್ನ ಪ್ರಾರ್ಥನಾ ವಿಷಯ ಹೇಳಿ ಹೋಗ್ತಾಳೆ.

— ಸಭೆಯಲ್ಲಿ ಎಲ್ಲರಿಗಾಗಿ ವಿಜ್ಞಾಪನೆ ಮಾಡ್ತಾರಲ್ಲ. ಸ್ತ್ರೀ ಸಮಾಜ ಉಂಟು. ಮತ್ತೆ ಇದು ಬೇರೆ ಯಾಕೆ?

ದೊಡ್ಡಮ್ಮ ಉತ್ತರ ಕೊಡಲಿಲ್ಲ. ದಿಂಬಿನ ಬದಿಯಿಂದ ಡೈರಿ ತೆಗೆದು ನನ್ನ ಮುಂದೆ ಇಟ್ಟರು. ಯಾವುದೋ ಔಷಧ ಕಂಪೆನಿಯವರು ಕೊಟ್ಟ ಹಳೆಯ ಡೈರಿ. ವಾರ್ಡಿನ ಚಾರ್ಟು ಬರೆದು ಪಳಗಿದ ಕೈಯ ಅಕ್ಷರ. ಪ್ರತಿ ಸಾಲಿನಲ್ಲಿಯೂ ಒಂದು ಹೆಸರು, ಒಂದು ದಿನ, ಒಂದು ಹೊತ್ತು. "ಮಂಗಳವಾರ 11 ಗಂಟೆ, ಬಯಾಪ್ಸಿ ರಿಪೋರ್ಟು." "ಶುಕ್ರವಾರ, ವೀಸಾ ಆಫೀಸು, ಒಬ್ಬಳೇ ಹೋಗ್ತಾಳೆ." "ಅತ್ತೆಯ ಜೊತೆ ಮಾತು ಬಿಟ್ಟಿದ್ದಾಳೆ, ಭಾನುವಾರದ ಒಳಗೆ ಮಾತಾಡಬೇಕು." ಕೆಲವು ಸಾಲುಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಸ್ತೋತ್ರ" ಅಂತ ಬರೆದು ತಾರೀಕು ಹಾಕಿತ್ತು. ಹಲವು ಸಾಲುಗಳ ಪಕ್ಕ ಖಾಲಿ.

— ಸಭೆಯ ಪ್ರಾರ್ಥನೆ ಬೇಕೇ ಬೇಕು. ಅದರಲ್ಲಿ ರೋಗಿಗಳು, ವಿಧವೆಯರು, ದೇಶ ಆಳುವವರು ಎಲ್ಲ ಬರ್ತಾರೆ. ಆದರೆ "ರೋಗಿಗಳನ್ನು ನೆನೆಸು" ಅನ್ನುವಾಗ ನನ್ನ ಕಣ್ಣ ಮುಂದೆ ಯಾರೂ ಬರುವುದಿಲ್ಲ. ಮಂಗಳವಾರ ಹನ್ನೊಂದು ಗಂಟೆಗೆ ರಿಪೋರ್ಟಿಗೆ ಕಾಯ್ತಾ ಆ ಸ್ಟೀಲ್ ಬೆಂಚಿನ ಮೇಲೆ ಕೂತವಳು ಬರ್ತಾಳೆ. ಅವಳಿಗೂ ಗೊತ್ತಿರ್ತದೆ, ಈ ಹೊತ್ತಿಗೆ ನಾಲ್ಕು ಊರಲ್ಲಿ ನಾಲ್ಕು ಜನ ಕೈಯ ಕೆಲಸ ಬಿಟ್ಟಿದ್ದಾರೆ ಅಂತ.

— ಹಾಗಾದರೆ ಹೆಸರು, ಹೊತ್ತು ಎಲ್ಲ ದೇವರಿಗೆ ಹೇಳಬೇಕಾ? ಅವನಿಗೆ ಗೊತ್ತಿಲ್ಲವಾ?

— ಅವನಿಗೆ ಗೊತ್ತು. ನನಗೆ ಗೊತ್ತಿರಬೇಕಲ್ಲ! ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯ ನೋಡು. ಪೌಲ ಇನ್ನೂ ರೋಮಿಗೆ ಹೋಗಿಯೇ ಇಲ್ಲ. ಆದರೂ 20ಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ವಂದಿಸ್ತಾನೆ. ಪ್ರಿಸ್ಕ, ಅಕ್ವಿಲ ತನಗಾಗಿ ಪ್ರಾಣವನ್ನೇ ಪಣಕ್ಕಿಟ್ಟದ್ದು, ಯಾರು ಎಷ್ಟು ದುಡಿದರು, ಯಾರು ತನ್ನ ಜೊತೆ ಸೆರೆಯಲ್ಲಿದ್ದರು, ಎಲ್ಲ ನೆನಪುಂಟು ಅವನಿಗೆ. ರೂಫನ ತಾಯಿ ತನಗೂ ತಾಯಿಯೇ ಅಂತಾನೆ. ಆ ಮುದುಕಿಯ ಹೆಸರು ನಮಗೆ ಗೊತ್ತಿಲ್ಲ, ಆದರೆ ಎಲ್ಲೋ ಒಂದು ಊರಿನಲ್ಲಿ ಅವನಿಗೆ ಅನ್ನ ಹಾಕಿರಬೇಕು, ಹರಿದ ಬಟ್ಟೆ ಹೊಲಿದಿರಬೇಕು. ಪತ್ರ ಬರೆದುಕೊಡುವ ತೆರ್ತ್ಯ ಕೂಡ ಮಧ್ಯದಲ್ಲಿ ತನ್ನದೊಂದು ನಮಸ್ಕಾರ ಸೇರಿಸ್ತಾನೆ. ಆ ಅಧ್ಯಾಯವನ್ನು ಯಾರೂ ಪ್ರಸಂಗಕ್ಕೆ ತೆಗೆದುಕೊಳ್ಳುವುದಿಲ್ಲ. ನನಗೆ ಅದು ಬಹಳ ಇಷ್ಟ.

— ಮಂಗಳೂರಿನ ಹಳೆಯ ಮಿಶನರಿಗಳಿಗೂ ಹೀಗೆ ದೂರದಲ್ಲಿ ಕೂತು ಪ್ರಾರ್ಥಿಸುವವರು ಇದ್ದರು. ಹೆಬಿಕ್, ಲೆಹ್ನರ್, ಗ್ರೈನರ್ ಇಲ್ಲಿ ಬಂದು ಇಳಿದದ್ದು 1834ರ ಅಕ್ಟೋಬರ್ 30ಕ್ಕೆ. ಅವರನ್ನು ಕಳಿಸಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ "ಹೈಡನ್‌ಬೋಟೆ" ಪತ್ರಿಕೆ 1828ರಿಂದಲೇ ಅಚ್ಚಾಗ್ತಿತ್ತು. ಇಲ್ಲಿಂದ ಹೋದ ಕಾಗದಗಳ ಸುದ್ದಿ ಅಲ್ಲಿ ಹಳ್ಳಿಯ ರೈತರವರೆಗೆ ಮುಟ್ಟುತ್ತಿತ್ತು. 1855ರಲ್ಲಿ ಒಂದು ವಂತಿಗೆ ಶುರುಮಾಡಿದರು, ವಾರಕ್ಕೆ ಅರ್ಧ ಬಾಟ್ಸೆನ್. ಚಿಲ್ಲರೆ ಕಾಸು ಅದು, ಬಡವರೂ ಕೊಡಲಿ ಅಂತ. ಆದರೆ ದೊಡ್ಡಮ್ಮ, ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಇಲ್ಲಿಂದ ಕಾಗದ ಹೋದರೆ ತಿಂಗಳುಗಟ್ಟಲೆ ಆಗಬಹುದಿತ್ತು. "ಇಂಥವರಿಗೆ ಜ್ವರ, ಪ್ರಾರ್ಥಿಸಿ" ಅಂತ ಬರೆದದ್ದು ಅಲ್ಲಿ ಮುಟ್ಟುವಾಗ ಇಲ್ಲಿ ಅವರು ಎದ್ದು ಓಡಾಡ್ತಿರಬಹುದು, ಇಲ್ಲ ಮಣ್ಣಾಗಿರಬಹುದು. ಆ ಪ್ರಾರ್ಥನೆಯ ಗತಿ ಏನು?

— ಒಳ್ಳೆಯ ಪ್ರಶ್ನೆ. ದೇವರು ಟಪ್ಪಾಲು ಕಾಯುವವನಲ್ಲ ಅಂತ ನನ್ನ ನಂಬಿಕೆ. ತಡವಾಗಿ ಕೇಳಿದ್ದನ್ನೂ ಅವನು ಮೊದಲೇ ಕೇಳಿಸಿಕೊಂಡಿರ್ತಾನೆ. ಆದರೆ ಅದು ಬಿಡು. ಆಲ್ಪ್ಸ್ ಬದಿಯ ಯಾವುದೋ ಹಳ್ಳಿಯ ಒಬ್ಬಳು ಹೆಂಗಸು ಸಮುದ್ರವನ್ನೇ ನೋಡಿರಲಿಕ್ಕಿಲ್ಲ. ಅವಳ ಬಾಯಲ್ಲಿ ಮಂಗಳೂರು ಅಂತ, ಇಲ್ಲಿನ ಒಬ್ಬನ ಹೆಸರು ಅಂತ ಬಂತಲ್ಲ! ಅಲ್ಲಿಂದಲೇ ಈವಾ ಲೊಂಬಾರ್ಡ್ ತರದವರು ಹೊರಟು ಬಂದದ್ದು. ಹೆಸರು ಗೊತ್ತಾದ ಮೇಲೆ ಸುಮ್ಮನೆ ಕೂರಲಿಕ್ಕೆ ಆಗುವುದಿಲ್ಲ.

— ಫೋನಿನ ಪ್ರಾರ್ಥನೆಯಲ್ಲಿ ಸುಮ್ಮನೆ ಕೂರಲು ಬಹಳ ಸುಲಭ ಅಂತ ನನ್ನ ತಕರಾರು. ಯಾರೋ ಕಷ್ಟ ಹೇಳ್ತಾರೆ, ಹತ್ತು ಜನ ಕೈಜೋಡಿಸಿದ ಚಿತ್ರ ಒತ್ತಿ ಕಳಿಸ್ತಾರೆ. ಮುಗೀತು.

— ಅದನ್ನು ನಾನು ಪ್ರಾರ್ಥನೆ ಅನ್ನುವುದಿಲ್ಲ. ಯಾಕೋಬನ ಪತ್ರಿಕೆಯಲ್ಲಿ ಉಂಟಲ್ಲ, ಬಟ್ಟೆ ಊಟ ಇಲ್ಲದವನಿಗೆ ಬರೀ ಬಾಯಿಮಾತಿನಲ್ಲಿ ಒಳ್ಳೆಯದಾಗಲಿ ಅಂದರೆ ಏನು ಬಂತು ಅಂತ. ನಮ್ಮಲ್ಲಿ ಒಂದು ಕ್ರಮ ಉಂಟು. ಯಾರ ವಿಷಯ ಬರ್ತದೋ ಅವರಿಗೆ ಹತ್ತಿರ ಇರುವವರು ಹೋಗಬೇಕು. ಉಡುಪಿಯವಳಿಗೆ ಆಪರೇಶನ್ ಆದಾಗ ನಾನು ಬಸ್ಸಿನಲ್ಲಿ ಗಂಜಿ, ಒಣ ಸಿಗಡಿ ಚಟ್ನಿ ತೆಗೆದುಕೊಂಡು ಹೋದೆ. ಇಂಗ್ಲೆಂಡಿನವಳಿಗೆ ಬರಲಿಕ್ಕೆ ಆಗುವುದಿಲ್ಲ, ಅವಳು ಫಿಸಿಯೋಥೆರಪಿಯ ಹಣ ಕಳಿಸಿದಳು. ಯೋಹಾನನ ಸಣ್ಣ ಎರಡು ಪತ್ರಿಕೆಗಳ ಕೊನೆ ನೋಡು: ಕಾಗದ ಮಸಿಯಲ್ಲಿ ಬರೆಯಲು ಮನಸ್ಸಿಲ್ಲ, ಮುಖಾಮುಖಿ ಮಾತಾಡುವ ಆಸೆ ಅಂತ ಬರೀತಾನೆ. ನನಗೂ ಹಾಗೆಯೇ. ಫೋನು ಬೇಕು, ಆದರೆ ಮುಖ ನೋಡುವ ಆಸೆ ಹೋಗಬಾರದು.

— ಧೈರ್ಯ ಹೇಳುವುದು? ಎಲ್ಲರೂ ವಾಕ್ಯ ಕಳಿಸ್ತಾರೆ. ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಮೇಲೆ ಒಂದು ವಾಕ್ಯ.

— ವಾಕ್ಯ ದೊಡ್ಡದು, ಅದರ ಬಗ್ಗೆ ಹಗುರ ಮಾತು ಬೇಡ. ಆದರೆ ನಾನು ನರ್ಸು. ಒಳ್ಳೆಯ ಔಷಧವೇ ಆದರೂ ಹೊತ್ತು ತಪ್ಪಿ ಕೊಟ್ಟರೆ ಏನಾಗ್ತದೆ ಅಂತ ಗೊತ್ತುಂಟು. ನಮಗೆ ಪರಿಚಯದ ಒಬ್ಬಳ ಮಗು ತೀರಿಕೊಂಡಿತ್ತು. ಮಣ್ಣು ಮಾಡಿ ಮನೆಗೆ ಬರುವುದರೊಳಗೆ ಅವಳ ಫೋನಿನಲ್ಲಿ ಒಂದೇ ವಾಕ್ಯ ಹಲವರಿಂದ: ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿ ಅನ್ನುವುದು. ಅದು ಸತ್ಯ. ಆದರೆ ಆ ಸಂಜೆ ಹೇಳುವುದಲ್ಲ. ಅವಳು ಫೋನನ್ನು ಅಕ್ಕಿಯ ಡಬ್ಬದೊಳಗೆ ಹಾಕಿ ಮುಚ್ಚಿಬಿಟ್ಟಳು.

— ಮತ್ತೆ ಏನು ಹೇಳಬೇಕಿತ್ತು?

— ಯೋಬನ ಗೆಳೆಯರು ಮೊದಲ ಏಳು ದಿನ ಏಳು ರಾತ್ರಿ ಮಾಡಿದ್ದು ಸರಿ. ನೆಲದ ಮೇಲೆ ಅವನ ಜೊತೆ ಕೂತರು, ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದ ಮೇಲೆ ಕೆಟ್ಟದ್ದು. ಅಧ್ಯಾಯದ ಮೇಲೆ ಅಧ್ಯಾಯ ದೇವರ ಪರವಾಗಿ ವಾದಿಸಿದರು, ಕೊನೆಗೆ ದೇವರಿಗೇ ಅವರ ಮೇಲೆ ಸಿಟ್ಟು ಬಂತು. ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಕೊನೆಯ ಅಧ್ಯಾಯ. ಆ ಗೆಳೆಯರಿಗಾಗಿ ಪ್ರಾರ್ಥಿಸಬೇಕಾದವನು ಯೋಬನೇ. ಹುಣ್ಣು ತುಂಬಿದ ಮೈಯವನು, ತನ್ನನ್ನು ಅಷ್ಟು ಚುಚ್ಚಿದವರಿಗಾಗಿ ಕೇಳ್ತಾನೆ. ಹಾಗೆ ಕೇಳಿದಾಗಲೇ ಅವನ ಸ್ಥಿತಿ ತಿರುಗಿತು ಅಂತ ಬರೆದಿದೆ. ಹಾಗಾಗಿ ನಮ್ಮಲ್ಲಿ ಯಾರು ತುಂಬ ಕಷ್ಟದಲ್ಲಿ ಇರ್ತಾರೋ ಅವರ ಕೈಗೂ ಒಂದು ಹೆಸರು ಕೊಡ್ತೇವೆ. "ನೀನು ಇವಳಿಗಾಗಿ ಕೇಳು" ಅಂತ. ಬರೀ ತೆಗೆದುಕೊಳ್ಳುತ್ತಲೇ ಇರುವವಳು ಅಂತ ಯಾರಿಗೂ ಅನಿಸಬಾರದು.

— ನಾನು ಕೇಳಬೇಕಿದ್ದ ಇನ್ನೊಂದು. ಒಬ್ಬರು ಕೂಟ ಬಿಟ್ಟು ಹೋದರು ಅಂತ ಅಮ್ಮ ಹೇಳಿದ್ದರು.

— ಹೌದು. ಅವಳ ಮಗನ ಕುಡಿತದ ವಿಷಯ ನಮ್ಮಲ್ಲಿ ಅತ್ತು ಹೇಳಿದ್ದಳು. ಒಬ್ಬರು ಅದನ್ನು ಇನ್ನೊಂದು ಕೂಟದಲ್ಲಿ ಪ್ರಾರ್ಥನಾ ವಿಷಯ ಅಂತ ಹೇಳಿದರು. ಮುಂದಿನ ಭಾನುವಾರ ದೇವಾಲಯದ ಮೆಟ್ಟಿಲ ಮೇಲೆ ಯಾರೋ ಆ ಹುಡುಗನಿಗೇ ಬುದ್ಧಿವಾದ ಹೇಳಿದರು. ಅವನು ತಾಯಿಯ ಜೊತೆ ಮಾತು ಬಿಟ್ಟ. ಅವಳು ನಮ್ಮನ್ನು ಬಿಟ್ಟಳು. ಚಾಡಿಯನ್ನು ಚಾಡಿ ಅಂತ ಹೇಳಿ ಆಡುವವರಿಗಿಂತ ಪ್ರಾರ್ಥನೆ ಅಂತ ಹೇಳಿ ಆಡುವವರು ಹೆಚ್ಚು ಕೆಡಿಸ್ತಾರೆ. ಅಂದಿನಿಂದ ಯಾರ ವಿಷಯವೋ ಅವರನ್ನು ಕೇಳದೆ ಒಂದು ಮಾತೂ ಹೊರಗೆ ಹೋಗಬಾರದು ಅಂತ ಮಾಡಿದ್ದೇವೆ. ಈ ಡೈರಿಯೂ ಹಾಗೆಯೇ. ನಿನಗೆ ತೋರಿಸಿದ ಪುಟದಲ್ಲಿ ಇರುವವರೆಲ್ಲ ತೋರಿಸಬಹುದು ಅಂದವರು.

— ಈ ಖಾಲಿ ಬಿಟ್ಟ ಸಾಲುಗಳು, ದೊಡ್ಡಮ್ಮ. ಕೆಂಪು ಶಾಯಿ ಇಲ್ಲದವು.

— ಕೆಲವು ಇನ್ನೂ ಆಗಬೇಕಾದವು. ಕೆಲವು ಆಗದೆ ಹೋದವು.

— ಆಗದೆ ಹೋದದ್ದಕ್ಕೆ ಏನು ಹೇಳ್ತೀರಿ?

— ಏನೂ ಹೇಳುವುದಿಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿಯೇ ಕೇಳಿದ್ದು ಸಿಗಲಿಲ್ಲ. ಗೆಳೆಯರು ಸ್ವಲ್ಪ ಹೊತ್ತು ಎಚ್ಚರ ಇದ್ದರೆ ಸಾಕು ಅಂತ ಬೇಡಿಕೊಂಡ, ಅವರು ನಿದ್ದೆ ಮಾಡಿದರು. ಅದರಿಂದ ನಾನು ಕಲಿತದ್ದು ಇಷ್ಟೇ, ನಾವು ನಿದ್ದೆ ಮಾಡಬಾರದು. ನಮ್ಮಲ್ಲಿ ಒಬ್ಬಳು ಹೋದ ವರ್ಷ ಹೋದಳು, ಕ್ಯಾನ್ಸರಿನಲ್ಲಿ. ನೀನು ಅವಳ ಮನೆಯ ಹಲಸಿನ ಹಪ್ಪಳ ತಿಂದಿದ್ದೀ. ನಾವು ಬಿಡದೆ ಕೇಳಿದೆವು. ಗುಣವಾಗಲಿಲ್ಲ. ಕೊನೆಕೊನೆಗೆ ಸ್ವರ ಬರುತ್ತಿರಲಿಲ್ಲ, ಆದರೂ ಎಂಟೂವರೆಗೆ ಅವಳ ಮಗಳು ಫೋನನ್ನು ಕಿವಿಯ ಹತ್ತಿರ ಹಿಡಿಯುತ್ತಿದ್ದಳು. ಹುಬ್ಬಳ್ಳಿಯವಳು ಉದ್ದ ಪ್ರಾರ್ಥನೆಗೆ ತೊಡಗಿದರೆ ಇವಳು ಕೈಗಡಿಯಾರ ತೋರಿಸುವ ಹಾಗೆ ಮಣಿಕಟ್ಟು ತಟ್ಟುತ್ತಿದ್ದಳಂತೆ. ಮಗಳು ನಗ್ತಾ ನಮಗೆ ಹೇಳುತ್ತಿದ್ದಳು. ನಾವೂ ನಗುತ್ತಿದ್ದೆವು.

— ನಿಮಗೆ ದೇವರ ಮೇಲೆ ಸಿಟ್ಟು ಬರಲಿಲ್ಲವಾ?

— ಬಂತು. ಸಿಟ್ಟನ್ನೂ ಅಲ್ಲಿಯೇ ಹೇಳಿದೆ. ಕೀರ್ತನೆಗಳಲ್ಲಿ ಅಂಥವು ಎಷ್ಟು ಬೇಕಷ್ಟು ಉಂಟು, ದೇವರನ್ನು ಎಲ್ಲಿ ಅಡಗಿದ್ದೀ ಅಂತ ಕೇಳುವಂಥವು. ಇಂಗ್ಲೆಂಡಿನವಳು ಒಂದಷ್ಟು ವಾರ ಪ್ರಾರ್ಥನೆ ಮಾಡಲೇ ಇಲ್ಲ, ಸುಮ್ಮನೆ ಕೇಳ್ತಾ ಇದ್ದಳು. ಯಾರೂ ಅವಳನ್ನು ಯಾಕೆ ಅನ್ನಲಿಲ್ಲ. ಅವಳ ಪಾಲಿನದ್ದನ್ನು ನಾವು ಕೇಳಿದೆವು.

— ತೀರಿಹೋದ ಅವರ ಹೆಸರಿಗೆ ಈಗಲೂ ಒಂದು ಸಾಲು ಉಂಟಲ್ಲ ಇಲ್ಲಿ. ಈ ತಿಂಗಳ ಪುಟದಲ್ಲಿ.

— ಅದು ಅವಳಿಗಲ್ಲ, ಅವಳು ನಮಗೆ ಬಿಟ್ಟು ಹೋದದ್ದು. ವಾರ್ಡಿನಲ್ಲಿ ಅವಳನ್ನು ನೋಡಿಕೊಂಡ ಆಯಾ ಒಬ್ಬಳು ಇದ್ದಳು. ಆ ಆಯಾಳ ಮಗಳು ನರ್ಸಿಂಗಿಗೆ ಸೇರಬೇಕು ಅಂತಿದ್ದಳು, ಫೀಸಿಗೆ ಗತಿ ಇರಲಿಲ್ಲ. ಸ್ವರ ಇದ್ದ ಕೊನೆಯ ವಾರದಲ್ಲಿ ಇವಳು ನಮ್ಮ ಹತ್ತಿರ ಕೇಳಿದ್ದು ಅದನ್ನೇ. ತನಗಾಗಿ ಅಲ್ಲ. "ನನಗೆ ಕೇಳಿದ್ದು ಸಾಕು, ಈ ಹುಡುಗಿಗೆ ಕೇಳಿ, ಕೈಯಿಂದ ಬಿಚ್ಚಿ ಸಹ ಕೊಡಿ" ಅಂದಳು. ಐದು ಜನ ಸೇರಿ ಕಟ್ತಾ ಇದ್ದೇವೆ. ಹುಡುಗಿ ಈಗ ಎರಡನೇ ವರ್ಷ. ಒಂದು ಪೇಪರ್ ಬಾಕಿ ಉಳಿದಿದೆ, ಅನಾಟಮಿ. ಸೋಮವಾರ ಬರೀತಾಳೆ.

— ಎಷ್ಟು ಗಂಟೆಗೆ?

— ಹತ್ತಕ್ಕೆ ಶುರು. ಒಂದು ಗಂಟೆಯವರೆಗೆ. ಪೆನ್ನು ಅಲ್ಲೇ ಡೈರಿಯೊಳಗೆ ಉಂಟು, ನೀನೇ ಬರಿ.